ಅಪ್ಪನನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದೇ? ಮೊದಲು ರಾತ್ರಿಯ ಲೆಕ್ಕ ಹಾಕಿ

ಪ್ರಶ್ನೆ: ನಮ್ಮ ತಂದೆಗೆ 79 ವರ್ಷ, ತೂಕ 74 ಕೆ.ಜಿ. ಐದು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲಿನ ಸ್ವಾಧೀನ ತಪ್ಪಿದೆ. ನಾವು ಹೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ, ಆದರೆ ಅವರ ಮಾತು ಒಂದೆರಡು ಪದಕ್ಕೆ ನಿಂತುಬಿಟ್ಟಿದೆ. ಹಿಡಿದುಕೊಂಡರೆ ಎದ್ದು ನಿಲ್ಲುತ್ತಾರೆ, ನಡೆಯಲಾಗುವುದಿಲ್ಲ. ರಾತ್ರಿ ಮೂತ್ರಕ್ಕೆಂದು ಮೂರು ನಾಲ್ಕು ಸಲ ಎಬ್ಬಿಸುತ್ತಾರೆ. ಮೈಸೂರಿನ ಮನೆಯಲ್ಲಿ ಜೊತೆಗಿರುವುದು ಅಮ್ಮ ಒಬ್ಬರೇ. ಅವರಿಗೆ 72, ಮಂಡಿ ನೋವು. ನಾನು ಬೆಂಗಳೂರಿನಲ್ಲಿ, ತಮ್ಮ ಟೊರಾಂಟೊದಲ್ಲಿ. ಒಳ್ಳೆಯ ಆರೈಕೆ ಕೇಂದ್ರಕ್ಕೆ ಸೇರಿಸೋಣ ಎನ್ನುತ್ತಾನೆ ತಮ್ಮ. ಅಮ್ಮ ಸುತರಾಂ ಒಪ್ಪುತ್ತಿಲ್ಲ. ‘24 ಗಂಟೆ ಮನೆಯಲ್ಲೇ ಇರುವ ಹೋಂ ನರ್ಸ್ ಕಳಿಸುತ್ತೇವೆ’ ಎಂದು ಏಜೆನ್ಸಿಯೊಂದು ಹೇಳುತ್ತಿದೆ. ಇದು ನಡೆಯುವ ಮಾತೇ?

ಉತ್ತರ: ನಡೆಯುತ್ತದೆ. ಆದರೆ ಏಜೆನ್ಸಿಯವರು ಹೇಳುತ್ತಿರುವ ರೀತಿಯಲ್ಲಿ ನಡೆಯುವುದಿಲ್ಲ.

ಮನೆಯಲ್ಲೇ ಉಳಿದು ನೋಡಿಕೊಳ್ಳುವ ವ್ಯವಸ್ಥೆ ಮುರಿದುಬಿದ್ದಾಗ ಮನೆಯವರು ಸಾಮಾನ್ಯವಾಗಿ ಹೇಳುವ ಕಾರಣ ‘ಒಳ್ಳೆಯವರು ಸಿಗಲಿಲ್ಲ’ ಎಂಬುದು. ಬಹಳಷ್ಟು ಸಲ ನಿಜವಾದ ಕಾರಣ ನಿದ್ದೆ. 24 ಗಂಟೆ ಮನೆಯಲ್ಲಿರುವವರು 24 ಗಂಟೆ ಕೆಲಸ ಮಾಡಲಾರರು. ಅವರಿಗೆ ದಿನಕ್ಕೆ ಎಂಟು ಗಂಟೆ ವಿಶ್ರಾಂತಿ ಬೇಕು, ಅದರಲ್ಲಿ ಐದಾರು ಗಂಟೆಯಾದರೂ ಒಂದೇ ಸಮನೆ ನಿದ್ದೆ ಆಗಬೇಕು. ರಾತ್ರಿ ನಾಲ್ಕು ಸಲ ಎದ್ದು, ಪ್ರತಿ ಸಲ 74 ಕೆ.ಜಿ. ತೂಕದವರನ್ನು ಎಬ್ಬಿಸಿ, ಕೂರಿಸಿ, ಮಲಗಿಸಿ, ಮತ್ತೆ ಬೆಳಗ್ಗೆ ಆರಕ್ಕೆ ಹಲ್ಲುಜ್ಜಿಸಿ ಸ್ನಾನ ಮಾಡಿಸುವ ಮನುಷ್ಯ ಎರಡು ವಾರ ತಡೆದಾನು. ಮೂರನೇ ವಾರ ಕರೆದರೂ ಏಳುವುದಿಲ್ಲ, ಇಲ್ಲವೇ ಸಿಡುಕುತ್ತಾನೆ, ಇಲ್ಲವೇ ‘ಊರಲ್ಲಿ ಅಜ್ಜಿ ತೀರಿಕೊಂಡರು’ ಎಂದು ಹೊರಟುಬಿಡುತ್ತಾನೆ. ಏಜೆನ್ಸಿ ಇನ್ನೊಬ್ಬನನ್ನು ಕಳಿಸುತ್ತದೆ. ಆತನಿಗೂ ಅದೇ ಗತಿ. ಪ್ರತಿ ಬದಲಾವಣೆಯಲ್ಲೂ ನಿಮ್ಮ ತಂದೆಯವರ ಸನ್ನೆ, ಅಭ್ಯಾಸ, ನೋವು ಎಲ್ಲವನ್ನೂ ಹೊಸಬರು ಮೊದಲಿನಿಂದ ಕಲಿಯಬೇಕು. ಮಾತು ಹೋದವರಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ಹಾಗಾಗಿ ಏಜೆನ್ಸಿಗೆ ಮುಂಗಡ ಕೊಡುವ ಮೊದಲು ಏಳು ರಾತ್ರಿ ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಎಬ್ಬಿಸಿದರು, ಯಾಕೆ, ಎಷ್ಟು ನಿಮಿಷ ಹಿಡಿಯಿತು, ಮೂತ್ರ ಎಷ್ಟು ಹೋಯಿತು. ಮೂತ್ರದ ಬಾಟಲಿಯ ಮೇಲೆ ಮಿ.ಲೀ. ಗುರುತು ಇರುತ್ತದೆ, ನೋಡಿ ಬರೆದರಾಯಿತು. ಈ ಹಾಳೆಯನ್ನು ವೈದ್ಯರಿಗೆ ತೋರಿಸಿ. ಪ್ರತಿ ಸಲ ಐವತ್ತು ನೂರು ಮಿ.ಲೀ. ಮಾತ್ರ ಹೋಗುತ್ತಿದ್ದರೆ ಪ್ರಾಸ್ಟೇಟ್ ತೊಂದರೆ, ಮೂತ್ರದ ಸೋಂಕು ಅಥವಾ ಪಾರ್ಶ್ವವಾಯುವಿನಿಂದ ಮೂತ್ರಕೋಶದ ಹಿಡಿತ ತಪ್ಪಿರುವುದು ಕಾರಣವಿರಬಹುದು. ಪ್ರತಿ ಸಲವೂ ಮುನ್ನೂರು ನಾನೂರು ಮಿ.ಲೀ. ಹೋಗುತ್ತಿದ್ದರೆ ಸಕ್ಕರೆ ಕಾಯಿಲೆ, ಕಾಲಿನ ಊತ, ಸಂಜೆ ಕೊಡುತ್ತಿರುವ ನೀರಿಳಿಸುವ ಮಾತ್ರೆ ಇವುಗಳನ್ನು ನೋಡಬೇಕು. ದಿನವಿಡೀ ಕುರ್ಚಿಯಲ್ಲಿ ಕುಳಿತವರ ಕಾಲಿಗೆ ಇಳಿದ ನೀರು ಮಲಗಿದ ಮೇಲೆ ರಕ್ತಕ್ಕೆ ವಾಪಸಾಗಿ ಮೂತ್ರವಾಗುತ್ತದೆ. ಮಧ್ಯಾಹ್ನ ಒಂದು ತಾಸು ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಮಲಗಿಸಿದರೆ ಅದರಲ್ಲಿ ಸ್ವಲ್ಪ ಭಾಗ ಹಗಲೇ ಹೋಗುತ್ತದೆ. ಮಾತ್ರೆಯ ಹೊತ್ತನ್ನು ನೀವಾಗಿ ಬದಲಿಸಬೇಡಿ, ವೈದ್ಯರನ್ನು ಕೇಳಿ. ರಾತ್ರಿ ಏಳಬಾರದೆಂದು ನೀರನ್ನೇ ಕಡಿಮೆ ಮಾಡುವುದು ಬಹಳ ಮನೆಗಳಲ್ಲಿ ಆಗುವ ತಪ್ಪು. ಅದರಿಂದ ಮಲಬದ್ಧತೆ, ಸೋಂಕು, ತಲೆಸುತ್ತು ಒಂದರ ಹಿಂದೆ ಒಂದು ಬರುತ್ತವೆ. ಹೃದಯ ಅಥವಾ ಕಿಡ್ನಿಗಾಗಿ ವೈದ್ಯರು ಮಿತಿ ಹಾಕಿಲ್ಲದಿದ್ದರೆ ದಿನದ ಒಂದೂವರೆ ಲೀಟರಿನಲ್ಲಿ ಹೆಚ್ಚಿನ ಪಾಲನ್ನು ಸಂಜೆ ಆರರೊಳಗೆ ಮುಗಿಸಿ. ಸಂಜೆಯ ಕಾಫಿಯನ್ನು ನಾಲ್ಕು ಗಂಟೆಗೆ ತನ್ನಿ.

ಇನ್ನೊಂದು ಮಾತು: ರಾತ್ರಿ ಮೂತ್ರಕ್ಕೆ ಅವರನ್ನು ಎಬ್ಬಿಸಿ ಕೂರಿಸಲೇಬೇಕೆಂದಿಲ್ಲ. ಕುತ್ತಿಗೆ ಓರೆಯಿರುವ ಮೂತ್ರದ ಬಾಟಲಿಯನ್ನು ಮಂಚದ ಎಡಬದಿಗೆ ಸಿಕ್ಕಿಸಿಟ್ಟು, ಎಡಗೈಯಿಂದ ತಾವೇ ಹಿಡಿಯುವುದನ್ನು ಹಗಲಲ್ಲಿ ವಾರ ಹತ್ತು ದಿನ ಅಭ್ಯಾಸ ಮಾಡಿಸಿದರೆ ಕೆಲವರು ಸ್ವತಂತ್ರರಾಗುತ್ತಾರೆ. ಅದಾಗದಿದ್ದರೆ ರಾತ್ರಿಗೆ ಮಾತ್ರ ಕಾಂಡೋಮ್ ಕ್ಯಾಥೆಟರ್ ಹಾಕಬಹುದು. ಇದು ಒಳಗೆ ಹೋಗುವ ನಳಿಕೆಯಲ್ಲ, ಹೊರಗೆ ತೊಡಿಸುವುದು. ಸರಿಯಾದ ಅಳತೆಯದನ್ನೇ ತರಬೇಕು, ಸುತ್ತಲೂ ಟೇಪು ಬಿಗಿಯಾಗಿ ಸುತ್ತಲೇಬಾರದು, ದಿನಾ ಹೊಸದು ಹಾಕಬೇಕು, ಬೆಳಗ್ಗೆ ತೆಗೆದು ತೊಳೆದು ಚರ್ಮ ಒಣಗಲು ಬಿಡಬೇಕು. ಆದರೆ ಮೂತ್ರ ಕಟ್ಟಿಕೊಳ್ಳುತ್ತಿರುವವರಿಗೆ ಇದು ಸಲ್ಲದು, ಅದಕ್ಕೇ ಮೊದಲು ವೈದ್ಯರ ಪರೀಕ್ಷೆ ಆಗಲಿ. ನೋಡಿಕೊಳ್ಳುವವರ ಅನುಕೂಲಕ್ಕೆಂದು ಒಳನಳಿಕೆ ಹಾಕಿಸುವ ಸಲಹೆ ಯಾರಾದರೂ ಕೊಟ್ಟರೆ ಬೇಡವೆನ್ನಿ. ಅದು ಇದ್ದಷ್ಟು ದಿನವೂ ಸೋಂಕಿಗೆ ದಾರಿ.

ಇಷ್ಟೆಲ್ಲ ಮಾಡಿದ ಮೇಲೆ ಇನ್ನೊಂದು ವಾರ ಎಣಿಸಿ. ರಾತ್ರಿ ಒಂದೆರಡು ಸಲ, ಹತ್ತು ಹತ್ತು ನಿಮಿಷ ಎಂಬಲ್ಲಿಗೆ ಬಂದರೆ ಒಬ್ಬರೇ ಸಾಕು. ಮೂರು ಸಲಕ್ಕಿಂತ ಕಡಿಮೆಯಾಗದಿದ್ದರೆ ಇಬ್ಬರು ಬೇಕು: ಹಗಲಿಗೆ ಒಬ್ಬರು, ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಇನ್ನೊಬ್ಬರು. ಇದರಲ್ಲಿ ಚೌಕಾಸಿ ಇಲ್ಲ. ‘ಅಮ್ಮ ಇದ್ದಾರಲ್ಲ, ರಾತ್ರಿ ಸ್ವಲ್ಪ ಕೈ ಕೊಡುತ್ತಾರೆ’ ಎಂಬ ಲೆಕ್ಕ ಹಾಕಿದರೆ ಆರು ತಿಂಗಳಲ್ಲಿ ಮನೆಯಲ್ಲಿ ಎರಡು ಮಂಚ ಬೇಕಾದೀತು.

ಒಬ್ಬರೇ ಸಾಕು ಎಂದಾದರೂ ಬೆಳಗ್ಗೆ ಎರಡು ತಾಸಿನ ಮಟ್ಟಿಗೆ ಇನ್ನೊಂದು ಜೊತೆ ಕೈ ಇರಲಿ. ಹಾಸಿಗೆಯಿಂದ ಎಬ್ಬಿಸುವುದು, ಶೌಚ, ಸ್ನಾನ, ಬಟ್ಟೆ ಇವು ದಿನದ ಅತಿ ಭಾರದ ಕೆಲಸಗಳು. ಒದ್ದೆ ನೆಲದ ಮೇಲೆ ಒಬ್ಬರೇ ಮಾಡುವಾಗಲೇ ಬೀಳುವುದು ಹೆಚ್ಚು. ನಿಮ್ಮ ಬಡಾವಣೆಯಲ್ಲೇ ಇರುವ, ಆಸ್ಪತ್ರೆಯಲ್ಲಿ ವಾರ್ಡ್ ಕೆಲಸ ಮಾಡಿ ಗೊತ್ತಿರುವ ಒಬ್ಬರನ್ನು ಬೆಳಗ್ಗೆ ಏಳರಿಂದ ಒಂಬತ್ತಕ್ಕೆ ಗೊತ್ತು ಮಾಡಿಕೊಳ್ಳಿ. ಖಾಯಂ ಮನುಷ್ಯ ರಜೆ ಹೋದಾಗ ಇವರೇ ನಿಮ್ಮ ಆಪದ್ಬಾಂಧವ. ಎಲ್ಲ ಗೊತ್ತಿರುವ ಎರಡನೇ ವ್ಯಕ್ತಿ ಇಲ್ಲದ ಮನೆಯಲ್ಲಿ ಯುಗಾದಿ, ದಸರಾ, ದೀಪಾವಳಿ ಬಂತೆಂದರೆ ಗೋಳು.

ಇನ್ನು ಬರುವವರು ಯಾರು ಎಂಬ ವಿಷಯ. ಏಜೆನ್ಸಿಗಳು ‘ಹೋಂ ನರ್ಸ್’ ಎಂದು ಕಳಿಸುವವರಲ್ಲಿ ಬಹುಪಾಲು ನರ್ಸ್‌ಗಳಲ್ಲ. ಜಿಎನ್‌ಎಂ ಮೂರು ವರ್ಷದ, ಎಎನ್‌ಎಂ ಎರಡು ವರ್ಷದ ನರ್ಸಿಂಗ್ ಓದು. ಇಬ್ಬರಿಗೂ ಕರ್ನಾಟಕದಲ್ಲಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರಬೇಕು. ಉಳಿದವರು ಕೆಲವು ತಿಂಗಳ ಜಿಡಿಎ (ರೋಗಿಗಳ ಸಾಮಾನ್ಯ ಸಹಾಯಕರ) ತರಬೇತಿ ಪಡೆದವರು, ಅಥವಾ ಕೆಲಸ ಮಾಡುತ್ತಲೇ ಕಲಿತ ಕೇರ್‌ಟೇಕರ್‌ಗಳು. ನಿಮ್ಮ ತಂದೆಯವರಿಗೆ ಮೂಗಿನ ನಳಿಕೆ, ಇಂಜೆಕ್ಷನ್, ಗಾಯದ ಡ್ರೆಸ್ಸಿಂಗ್ ಇಲ್ಲದಿದ್ದರೆ ನರ್ಸ್ ಬೇಕಾಗಿಯೇ ಇಲ್ಲ. ಒಳ್ಳೆಯ ಕೇರ್‌ಟೇಕರ್ ಸಾಕು, ನರ್ಸಿನ ದರ ಕೊಡಬೇಡಿ. ಹದಿನೈದು ದಿನಕ್ಕೊಮ್ಮೆ ನಿಜವಾದ ನರ್ಸ್ ಬಂದು ಚರ್ಮ, ಬಿಪಿ, ಮಾತ್ರೆ ಪೆಟ್ಟಿಗೆ ನೋಡಿ ಹೋಗುವಂತೆ ಮಾಡಿ. 74 ಕೆ.ಜಿ. ತೂಕಕ್ಕೆ ಗಟ್ಟಿಮುಟ್ಟಾದ ಗಂಡಸೇ ಸರಿ. ಇದು ಬರೀ ಬಲದ ಮಾತಲ್ಲ: ಶೌಚ, ಸ್ನಾನಕ್ಕೆ ಅಪರಿಚಿತ ಹೆಂಗಸಿನ ಮುಂದೆ ಸಂಕೋಚಪಟ್ಟು ಮಲ ತಡೆದುಕೊಳ್ಳುವ ಹಿರಿಯರಿದ್ದಾರೆ.

‘ಎಷ್ಟು ವರ್ಷ ಅನುಭವ?’ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ಐದು ವರ್ಷ ಎನ್ನುತ್ತಾರೆ. ನಿಮ್ಮ ಎದುರೇ, ಫಿಸಿಯೋಥೆರಪಿಸ್ಟ್ ಇರುವ ಹೊತ್ತಿನಲ್ಲಿ, ಮಂಚದಿಂದ ಗಾಲಿಕುರ್ಚಿಗೆ ಕೂರಿಸಿ ತೋರಿಸಲು ಹೇಳಿ. ನೋಡಬೇಕಾದ್ದು ಇವು. ಕುರ್ಚಿಯನ್ನು ತಂದೆಯವರ ಎಡಕ್ಕೆ, ಅಂದರೆ ಬಲವಿರುವ ಕಡೆಗೆ, ಮಂಚಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ ಇಟ್ಟನೇ? ಎರಡೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿಗಳನ್ನು ಮಡಚಿದನೇ? ಮಲಗಿದವರನ್ನು ಎಬ್ಬಿಸಿ ಮಂಚದ ಅಂಚಿನಲ್ಲಿ ಕೂರಿಸಿದ ಮೇಲೆ ಒಂದೆರಡು ನಿಮಿಷ ಕಾದನೇ? ಥಟ್ಟನೆ ನಿಲ್ಲಿಸಿದರೆ ಬಿಪಿ ಇಳಿದು ತಲೆ ಸುತ್ತುತ್ತದೆ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿದನೇ, ಇಲ್ಲವೇ ಕಂಕುಳಿಗೆ ಕೈಹಾಕಿ ಎತ್ತಿದನೇ? ತನ್ನ ಮೊಣಕಾಲನ್ನು ತಂದೆಯವರ ಬಲ ಮೊಣಕಾಲಿಗೆ ಆನಿಸಿ, ಅದು ಮಡಚಿಕೊಳ್ಳದಂತೆ ತಡೆದನೇ? ‘ಒಂದು, ಎರಡು, ಮೂರು’ ಎಂದು ಹೇಳಿ, ಅವರ ಎಡಗಾಲಿನ ಬಲವನ್ನೇ ಬಳಸಿ ತಿರುಗಿಸಿದನೇ? ಕಂಕುಳಿಗೆ ಕೈಹಾಕುವವನು, ಬಲಗೈ ಹಿಡಿದು ಎಳೆಯುವವನು ಎಷ್ಟೇ ಒಳ್ಳೆಯವನಾದರೂ ಮೊದಲು ಕಲಿಯಬೇಕು. ಸ್ವಾಧೀನ ತಪ್ಪಿದ ತೋಳಿನ ಸ್ನಾಯು ಸಡಿಲವಾಗಿ, ಭುಜದ ಕೀಲು ಎಷ್ಟೋ ಸಲ ಅರ್ಧ ಜಾರಿಯೇ ಇರುತ್ತದೆ. ಒಂದು ಎಳೆತಕ್ಕೆ ಶುರುವಾದ ನೋವು ತಿಂಗಳುಗಟ್ಟಲೆ ಕಾಡಿ ವ್ಯಾಯಾಮವನ್ನೇ ನಿಲ್ಲಿಸುತ್ತದೆ.

ಊಟದ ವಿಷಯದಲ್ಲಿ ಮೈಸೂರಿನವರಿಗೆ ಒಂದು ಅದೃಷ್ಟವಿದೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮ್ಮೂರಿನಲ್ಲೇ, ಮಾನಸಗಂಗೋತ್ರಿಯಲ್ಲಿದೆ. ಮಾತು ಹೋದವರಿಗೆ ಚಿಕಿತ್ಸೆಯೂ ನುಂಗುವಿಕೆಯ ಪರೀಕ್ಷೆಯೂ ಒಂದೇ ಕಡೆ ಆಗುತ್ತವೆ. ಐದು ತಿಂಗಳಾಗಿದೆ, ಇನ್ನೂ ಹೋಗಿಲ್ಲದಿದ್ದರೆ ಈ ವಾರವೇ ಹೋಗಿ. ನೀರು ಕುಡಿದ ಮೇಲೆ ಕೆಮ್ಮು, ಗಂಟಲಿನಲ್ಲಿ ಗುಳುಗುಳು ಎನ್ನುವ ಒದ್ದೆ ಸ್ವರ, ಊಟ ಮುಗಿದು ಅರ್ಧ ಗಂಟೆಯಾದರೂ ಬಲ ಕೆನ್ನೆಯೊಳಗೆ ಅನ್ನ ಉಳಿದಿರುವುದು, ಆಗಾಗ ಕಾರಣವಿಲ್ಲದ ಜ್ವರ: ಇವುಗಳಲ್ಲಿ ಯಾವುದಿದ್ದರೂ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿರುವ ಅನುಮಾನ ಪಡಬೇಕು. ಅಂಥವರಿಗೆ ನಮ್ಮ ಊಟದಲ್ಲಿ ಎರಡು ಅಪಾಯಗಳಿವೆ. ಒಂದು, ತಿಳಿಸಾರು ಕಲಸಿದ ಅನ್ನ. ತೆಳ್ಳನೆಯ ನೀರೂ ಗಟ್ಟಿ ಅಗುಳೂ ಒಟ್ಟಿಗೆ ಬಾಯಿಗೆ ಹೋದಾಗ ಅಗುಳನ್ನು ಅಗಿಯುವಷ್ಟರಲ್ಲಿ ನೀರು ಗಂಟಲಿಗೆ ಜಾರುತ್ತದೆ. ಇನ್ನೊಂದು, ಅಗಿಯದೆ ನುಂಗುವ ಮುದ್ದೆ. ಅವರು ಹಿಂದೆ ದಿನಾ ತಿನ್ನುತ್ತಿದ್ದರೆಂದು ಕೇರ್‌ಟೇಕರ್ ಪ್ರೀತಿಯಿಂದ ತಿನ್ನಿಸಿಬಿಡಬಹುದು. ಅದರ ಬದಲು ಗಟ್ಟಿ ರಾಗಿ ಅಂಬಲಿ, ಮೆತ್ತಗೆ ಬೆಂದು ಒಂದೇ ಹದಕ್ಕೆ ಬಂದ ಪೊಂಗಲ್, ನುಣ್ಣಗೆ ಹಿಸುಕಿದ ಮೊಸರನ್ನ. ಯಾವ ಹದ ಎಂಬುದನ್ನು ಪರೀಕ್ಷೆ ಮಾಡಿದವರಿಂದಲೇ ಬರೆಸಿಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರುವಂತೆ ನೋಡಿಕೊಂಡು, ಟೀ ಚಮಚದಲ್ಲಿ, ಬಾಯಿಯ ಎಡಭಾಗಕ್ಕೆ ಕೊಡಬೇಕು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಬಾಯಿ ತೊಳೆಸುವುದನ್ನು ಊಟದ ಭಾಗವೆಂದೇ ತಿಳಿಯಿರಿ; ಕೊಳಕು ಬಾಯಿಯ ಎಂಜಲು ಶ್ವಾಸಕೋಶಕ್ಕೆ ಇಳಿದರೆ ಬರುವುದು ನ್ಯುಮೋನಿಯಾ.

ಮಾತಿನ ಬಗ್ಗೆ ಕೇರ್‌ಟೇಕರ್‌ಗೆ ಹೇಳಿಕೊಡಬೇಕಾದ ಒಂದು ಸೂಕ್ಷ್ಮವಿದೆ. ಇಂಥವರು ‘ಹೌದು’ ಎನ್ನುವುದು ‘ಬೇಡ’ ಎಂಬ ಅರ್ಥದಲ್ಲೂ ಇರಬಹುದು. ಬಾಯಿಗೆ ಬಂದ ಪದ ಮನಸ್ಸಿನದಲ್ಲದಿರಬಹುದು. ‘ಕಾಫಿ ಬೇಕಾ?’ ಎಂದು ಕೇಳಿ ತಲೆಯಾಡಿಸಿದ್ದನ್ನು ನಂಬುವ ಬದಲು ಕಾಫಿ ಲೋಟ, ಹಾಲಿನ ಲೋಟ ಎರಡನ್ನೂ ಎದುರಿಗೆ ಹಿಡಿದು ಎಡಗೈಯಲ್ಲಿ ತೋರಿಸಲು ಬಿಡಬೇಕು. ನೀರು, ಮೂತ್ರ, ನೋವು, ಸೆಕೆ, ಚಳಿ, ಮಗ್ಗುಲು ಬದಲಿಸು ಎಂಬ ಆರು ಚಿತ್ರಗಳ ಒಂದು ರಟ್ಟು ಮಂಚದ ಬಳಿ ತೂಗುಹಾಕಿ. ಏಜೆನ್ಸಿಯಿಂದ ಬರುವ ಹುಡುಗ ಒಡಿಶಾದವನೋ ಜಾರ್ಖಂಡಿನವನೋ ಆಗಿ ಕನ್ನಡ ಬಾರದಿದ್ದರೆ ಈ ರಟ್ಟು ಇಬ್ಬರಿಗೂ ಬೇಕು. ಬರೀ ಅಳುತ್ತಾರೆ, ವ್ಯಾಯಾಮ ಬೇಡ ಎನ್ನುತ್ತಾರೆ ಎಂದಾದರೆ ಹಟ ಎಂದುಕೊಳ್ಳಬೇಡಿ. ಪಾರ್ಶ್ವವಾಯುವಿನ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧಿಯಿದೆ.

ಚರ್ಮ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು, ಕುರ್ಚಿಯಲ್ಲಿದ್ದಾಗ ಅರ್ಧ ಗಂಟೆಗೊಮ್ಮೆ ಭಾರ ಬದಲಿಸುವುದು, ಒಂದೇ ಸಲ ಎರಡು ಗಂಟೆಗಿಂತ ಹೆಚ್ಚು ಕೂರಿಸದಿರುವುದು. ರಾತ್ರಿಗೆ ಗಾಳಿ ಹಾಸಿಗೆ ಇದ್ದು ಚರ್ಮ ಚೆನ್ನಾಗಿದ್ದರೆ ನರ್ಸ್ ಹೇಳಿದಂತೆ ಅಂತರ ಹೆಚ್ಚಿಸಬಹುದು, ಆಗ ಕೇರ್‌ಟೇಕರ್‌ನ ನಿದ್ದೆಯೂ ಉಳಿಯುತ್ತದೆ. ಗಾಳಿ ಹಾಸಿಗೆ ಸರಿಯಿದೆಯೇ ಎಂದು ತಿಳಿಯಲು ಅಂಗೈಯನ್ನು ಹಾಸಿಗೆಯ ಅಡಿಗೆ, ಅವರ ಸೊಂಟದ ಕೆಳಗೆ ತೂರಿಸಿ ನೋಡಿ. ಕೈಗೂ ಮೂಳೆಗೂ ನಡುವೆ ಒಂದು ಇಂಚು ಗಾಳಿಯಾದರೂ ಇರಬೇಕು. ಅದರ ಮೇಲೆ ರಬ್ಬರ್ ಶೀಟು, ಕಂಬಳಿ, ಮಡಚಿದ ಬೆಡ್‌ಶೀಟು ಎಂದು ಪದರ ಹಾಕಿದರೆ ಹಾಸಿಗೆ ತಂದದ್ದೇ ವ್ಯರ್ಥ. ಹಿಮ್ಮಡಿ, ಬೆನ್ನಿನ ಬುಡ, ಸೊಂಟದ ಪಕ್ಕದ ಮೂಳೆ ಇಷ್ಟನ್ನೂ ದಿನಾ ಸ್ನಾನದ ಹೊತ್ತಿಗೆ ನೋಡಬೇಕು. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದರ್ಥ. ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣದೆಯೂ ಇರಬಹುದು. ಸುತ್ತಲಿಗಿಂತ ಬಿಸಿ, ಗಡಸು, ಕಪ್ಪು ಎನಿಸಿದರೂ ಅದೇ ಅರ್ಥ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು, ನಡುವೆ ತೂತಿರುವ ಟ್ಯೂಬ್ ದಿಂಬು ಹಾಕಲೂಬಾರದು. ಎರಡೂ ರಕ್ತ ಸಂಚಾರವನ್ನು ಇನ್ನಷ್ಟು ಕೆಡಿಸುತ್ತವೆ.

ಮನೆಯಲ್ಲಿ ಮೊದಲು ಅಳತೆ ಪಟ್ಟಿ ಹಿಡಿದು ಬಚ್ಚಲಮನೆಯ ಬಾಗಿಲನ್ನು ಅಳೆಯಿರಿ. ಹಳೆಯ ಮನೆಗಳಲ್ಲಿ ಅದು 27ರಿಂದ 30 ಇಂಚು, ಗಾಲಿಕುರ್ಚಿ ಸಲೀಸಾಗಿ ಹೋಗಲು 32 ಬೇಕು. ಗೋಡೆ ಒಡೆಯುವ ಬದಲು ಗಾಲಿಯಿರುವ ಕಮೋಡ್ ಕುರ್ಚಿ ತನ್ನಿ. ಅದು ಕಿರಿದು, ಸೀದಾ ಕಮೋಡಿನ ಮೇಲೇ ನಿಲ್ಲಿಸಬಹುದು, ಅದರಲ್ಲೇ ಸ್ನಾನವೂ ಆಗುತ್ತದೆ. ಹೊಸ್ತಿಲಿಗೆ ಮರದ ಇಳಿಜಾರು ಹಲಗೆ ಹಾಕಿಸಿ. ಎಡಗೈಗೆ ಸಿಗುವ ಕಡೆ ಗೋಡೆಗೆ ಹಿಡಿ, ಟವೆಲ್ ರಾಡ್ ಅಲ್ಲ. ಟವೆಲ್ ರಾಡ್ ಹಿಡಿದು ಬಿದ್ದವರಿದ್ದಾರೆ. ಮಂಚದ ಎತ್ತರ ಹಾಸಿಗೆ ಸೇರಿ ಗಾಲಿಕುರ್ಚಿಯ ಆಸನದಷ್ಟೇ, ಸುಮಾರು 19–20 ಇಂಚು ಇದ್ದರೆ ದಾಟಿಸುವುದು ಹಗುರ. ಆಸ್ಪತ್ರೆ ಮಂಚ, ಗಾಳಿ ಹಾಸಿಗೆ ಎರಡೂ ಬಾಡಿಗೆಗೆ ಸಿಗುತ್ತವೆ, ಮೊದಲ ಮೂರು ತಿಂಗಳು ಕೊಳ್ಳಬೇಡಿ.

ಕೇರ್‌ಟೇಕರ್‌ಗೆ ಅವರದೇ ಮಂಚ, ಬೀಗವಿರುವ ಒಂದು ಕಪಾಟು, ಮಧ್ಯಾಹ್ನ ಎರಡು ತಾಸು ಯಾರೂ ಕರೆಯದ ಬಿಡುವು, ಮನೆಯವರು ತಿನ್ನುವ ಊಟ. ಇದನ್ನು ಬರೆಯಲೇಬೇಕಾಗಿದೆ, ಏಕೆಂದರೆ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸಿ, ಉಳಿದ ಅನ್ನ ಹಾಕಿ, ‘ಈಗಿನವರಿಗೆ ನಿಯತ್ತಿಲ್ಲ’ ಎನ್ನುವ ಮನೆಗಳು ಕಡಿಮೆಯೇನಿಲ್ಲ. ಅಡುಗೆ, ಪಾತ್ರೆ, ಅಂಗಡಿ ಕೆಲಸ ಅವರದಲ್ಲ ಎಂಬುದನ್ನು ಅಮ್ಮನವರಿಗೆ ಮೊದಲೇ ಹೇಳಿ. ತಂದೆಯವರ ಬಟ್ಟೆ, ಹಾಸಿಗೆ, ಕೋಣೆ ಅಷ್ಟೇ ಅವರ ಪಾಲು.

ಕಾಗದ ಪತ್ರಕ್ಕೆ ಬರೋಣ. ಏಜೆನ್ಸಿ ಮೂಲಕ ಮನೆಯಲ್ಲೇ ಉಳಿಯುವ ಕೇರ್‌ಟೇಕರ್‌ಗೆ ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಕೇಳುವ ದರ ಅಂದಾಜು ತಿಂಗಳಿಗೆ 22 ಸಾವಿರದಿಂದ 35 ಸಾವಿರ. ಅದರಲ್ಲಿ ಕೆಲಸಗಾರನ ಕೈಗೆ ಸೇರುವುದೆಷ್ಟು ಎಂದು ನೇರವಾಗಿ ಕೇಳಿ. ಅರ್ಧಕ್ಕರ್ಧ ಏಜೆನ್ಸಿಯೇ ಇಟ್ಟುಕೊಳ್ಳುವುದಾದರೆ ಆ ಹುಡುಗ ನಿಲ್ಲುವುದಿಲ್ಲ, ಬೇರೆ ಕಡೆ ಎರಡು ಸಾವಿರ ಹೆಚ್ಚು ಸಿಕ್ಕ ದಿನ ಹೊರಡುತ್ತಾನೆ. ಕರಾರಿನಲ್ಲಿ ನೋಡಬೇಕಾದ್ದು: ಬಿಟ್ಟುಹೋದರೆ ಎಷ್ಟು ಗಂಟೆಯಲ್ಲಿ ಬದಲಿ ಕಳಿಸುತ್ತಾರೆ, ಹಳಬ ಹೋಗುವ ಮೊದಲು ಹೊಸಬ ಒಂದು ದಿನ ಜೊತೆಗಿದ್ದು ಕಲಿಯುತ್ತಾನೆಯೇ, ಆ ದಿನದ ಕೂಲಿ ಯಾರದು, ತಂದೆಯವರು ಆಸ್ಪತ್ರೆ ಸೇರಿದ ದಿನಗಳಿಗೆ ದರ ಏನು, ಮುಂಗಡ ಯಾವಾಗ ವಾಪಸು, ವಾರದ ರಜೆಗೆ ಯಾರು ಬರುತ್ತಾರೆ. ‘ಬದಲಿ ಲಭ್ಯತೆಗೆ ಒಳಪಟ್ಟು’ ಎಂಬ ಸಾಲಿದ್ದರೆ ಬದಲಿ ಇಲ್ಲವೆಂದೇ ತಿಳಿಯಿರಿ. ಆಧಾರ್ ಪ್ರತಿ, ಊರಿನ ವಿಳಾಸ, ಮನೆಯವರೊಬ್ಬರ ಫೋನ್ ನಂಬರ್ ತೆಗೆದುಕೊಳ್ಳಿ. ಏಜೆನ್ಸಿ ‘ಮಾಡಿಸಿದ್ದೇವೆ’ ಎಂದರೂ ಪೊಲೀಸ್ ಪರಿಶೀಲನೆಯ ಪತ್ರವನ್ನು ಕಣ್ಣಾರೆ ನೋಡಿ. ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್ ಮೂಲಕ ನೀವೂ ಅರ್ಜಿ ಹಾಕಬಹುದು.

ನೇರವಾಗಿ ನೇಮಿಸಿಕೊಂಡರೆ ಖರ್ಚು ಕಡಿಮೆ, ಹೊಣೆ ಹೆಚ್ಚು. ಮನೆಗೆಲಸದವರಿಗೂ ಕನಿಷ್ಠ ವೇತನ ಗೊತ್ತುಪಡಿಸುವ ಕ್ರಮ ಕರ್ನಾಟಕದಲ್ಲಿ 2004ರಿಂದ ಇದೆ. ಸಂಬಳವನ್ನು ಬ್ಯಾಂಕಿಗೇ ಹಾಕಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಎರಡು ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಭಾರ ಎತ್ತುವ ಕೆಲಸದವರಿಗೆ ನೀವೇ ಮಾಡಿಸಿಕೊಡಿ. ಹೆಂಗಸರನ್ನು ಇಟ್ಟುಕೊಂಡರೆ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಗೆ ಮನೆಯೂ ಸೇರುತ್ತದೆ, ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿ ಕೇಳುತ್ತದೆ ಎಂಬುದು ಗೊತ್ತಿರಲಿ.

ಸಂಬಳದ ಮೇಲೆ ಡೈಪರ್, ಫಿಸಿಯೋ, ಬಾಡಿಗೆ ಮಂಚ, ಬೆಳಗಿನ ಎರಡನೇ ಕೈ, ಬದಲಿ ದಿನಗಳು, ಇನ್ನೊಬ್ಬರ ಊಟ ಎಲ್ಲ ಕೂಡಿಸಿದರೆ ಮನೆಯ ಆರೈಕೆ ಆರೈಕೆ ಕೇಂದ್ರಕ್ಕಿಂತ ಅಗ್ಗವಾಗುವುದು ಅಪರೂಪ. ರಾತ್ರಿಗೆ ಬೇರೆ ಮನುಷ್ಯ ಬೇಕಾದರೆ ಖಂಡಿತ ದುಬಾರಿ. ಆರೋಗ್ಯ ವಿಮೆಗಳು ಕೇರ್‌ಟೇಕರ್ ಸಂಬಳವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅಂಗವಿಕಲತೆಯ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ: ತಂದೆಯವರು ನಿಮ್ಮ ಆಶ್ರಯದಲ್ಲಿದ್ದು ನೀವು ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಾದರೆ 75 ಸಾವಿರ, ಶೇ. 80 ಅಥವಾ ಅದಕ್ಕೂ ಹೆಚ್ಚಿನ ಅಂಗವಿಕಲತೆಯಿದ್ದರೆ 1.25 ಲಕ್ಷ ಆದಾಯದಲ್ಲಿ ಕಡಿತ ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಇಲ್ಲ.

ತಮ್ಮನ ಮಾತನ್ನೂ ತಳ್ಳಿಹಾಕಬೇಡಿ. ಗಂಟಲಿನಲ್ಲಿ ನಳಿಕೆಯಿದ್ದು ಕಫ ಎಳೆಯಬೇಕಾದವರು, ರಾತ್ರಿಯಿಡೀ ಎದ್ದು ಓಡಾಡುವ ಮರೆಗುಳಿತನದವರು, ಲಿಫ್ಟ್ ಇಲ್ಲದ ಮೂರನೇ ಮಹಡಿಯವರು, ಒಂದು ಗಂಟೆಯಲ್ಲಿ ಬಂದು ತಲುಪುವ ಬಂಧು ಯಾರೂ ಇಲ್ಲದವರು, ಇಂಥವರಿಗೆ ಕೇಂದ್ರವೇ ಮೇಲು. ನಿಮ್ಮ ಮನೆಗೆ ಅನ್ವಯಿಸುವುದು ಕೊನೆಯದು. ಬೆಂಗಳೂರಿನಿಂದ ನೀವು ಬರಲು ಮೂರು ಗಂಟೆ. ಮೈಸೂರಿನಲ್ಲೇ ಇರುವ, ಹೇಳದೆ ಕೇಳದೆ ವಾರಕ್ಕೆರಡು ಸಲ ಬಂದು ನೋಡುವ ಒಬ್ಬ ಚಿಕ್ಕಪ್ಪನೋ ಸೋದರಸಂಬಂಧಿಯೋ ಒಪ್ಪಿಕೊಂಡರೆ ಮಾತ್ರ ಮನೆಯ ವ್ಯವಸ್ಥೆಗೆ ಕೈಹಾಕಿ. ಕೇಂದ್ರ ನೋಡಲು ಹೋಗುವಾಗ ಬೆಳಗ್ಗೆ ಹೋಗಬೇಡಿ, ರಾತ್ರಿ ಎಂಟರ ಮೇಲೆ ಹೋಗಿ: ಎಷ್ಟು ಜನಕ್ಕೆ ಎಷ್ಟು ಕೈ, ಕರೆಗಂಟೆ ಒತ್ತಿದರೆ ಎಷ್ಟು ನಿಮಿಷಕ್ಕೆ ಬರುತ್ತಾರೆ, ಮೂತ್ರದ ವಾಸನೆ ಇದೆಯೇ, ಯಾರನ್ನಾದರೂ ಮಂಚಕ್ಕೆ ಕಟ್ಟಿದ್ದಾರೆಯೇ. ಸಾಮಾನ್ಯ ವೃದ್ಧಾಶ್ರಮಗಳು ಓಡಾಡುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ, ಹಾಸಿಗೆ ಹಿಡಿದರೆ ವಾಪಸು ಕರೆದುಕೊಂಡು ಹೋಗಿ ಎನ್ನುತ್ತವೆ. ಇದನ್ನು ಸೇರಿಸುವ ಮೊದಲೇ ಬರಹದಲ್ಲಿ ಕೇಳಿ. ಕೆಲವು ಕೇಂದ್ರಗಳು ಎರಡು ಮೂರು ವಾರದ ಮಟ್ಟಿಗೂ ಇಟ್ಟುಕೊಳ್ಳುತ್ತವೆ. ಮನೆಯ ಬದಲಾವಣೆ ಮುಗಿಯುವವರೆಗೆ ಒಮ್ಮೆ ಹಾಗೆ ಇಟ್ಟು ನೋಡಿದರೆ ಅಮ್ಮನವರಿಗೆ ನಿದ್ದೆಯೂ ಸಿಗುತ್ತದೆ, ಮುಂದೆ ಕೇರ್‌ಟೇಕರ್ ಕೈಕೊಟ್ಟ ದಿನ ಪರಿಚಯದ ಜಾಗವೊಂದು ಇರುತ್ತದೆ.

ಮನೆಯಲ್ಲೇ ಎಂದು ನಿಶ್ಚಯಿಸಿದರೆ ಮೊದಲ ವಾರ ನೀವು ರಜೆ ಹಾಕಿ ಅಲ್ಲೇ ಇರಿ, ಕೆಲಸ ಮಾಡಲು ಅಲ್ಲ, ನೋಡಲು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಹಾಕಿಡಿ: ಹೊತ್ತು, ಊಟ, ನೀರು, ಮೂತ್ರ, ಮಲ, ಮಗ್ಗುಲು, ಮಾತ್ರೆ, ವಿಶೇಷ. ಓದುಬರಹ ಕಡಿಮೆಯಿದ್ದರೆ ಸರಿ ಗುರುತು ಹಾಕಿದರೂ ಸಾಕು. ಎಲ್ಲ ಪುಟದಲ್ಲೂ ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿಗೆ ಬರೆದಂತೆ ಕಂಡರೆ ಸಂಜೆ ಕೂತು ತುಂಬಿದ್ದಾರೆ ಎಂದು ತಿಳಿಯಿರಿ. ಮೂರು ದಿನ ಮಲ ಆಗಿಲ್ಲವೆಂದರೆ ನಾಲ್ಕನೇ ದಿನಕ್ಕೆ ಕಾಯದೆ ವೈದ್ಯರಿಗೆ ಹೇಳಿ. ವಾರದ ಮಾತ್ರೆ ಪೆಟ್ಟಿಗೆಯನ್ನು ಅಮ್ಮನವರೇ ಭಾನುವಾರ ತುಂಬಲಿ. ರಕ್ತ ತೆಳುಮಾಡುವ ಮಾತ್ರೆ ಒಂದು ದಿನವೂ ತಪ್ಪಬಾರದು. ಮುಖ ಹೊಸದಾಗಿ ಸೊಟ್ಟಗಾಗುವುದು, ಎಡಗೈ ಜೋಲುವುದು, ಇದ್ದ ಎರಡು ಪದವೂ ನಿಲ್ಲುವುದು ಕಂಡರೆ ಯಾರನ್ನೂ ಕೇಳದೆ 108ಕ್ಕೆ ಫೋನ್ ಮಾಡುವ ಅಧಿಕಾರ ಕೇರ್‌ಟೇಕರ್‌ಗೆ ಇರಲಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ.

ಕ್ಯಾಮೆರಾ ಬೇಕೆನಿಸಿದರೆ ನಡುಮನೆಯಲ್ಲಿ, ಹೇಳಿಯೇ ಹಾಕಿ. ತಂದೆಯವರ ಬಟ್ಟೆ ಬದಲಿಸುವ ಕೋಣೆಗೆ ಬೇಡ. ಒಡವೆ, ಎಟಿಎಂ ಪಿನ್, ಅಮ್ಮನವರ ಫೋನಿನ ಯುಪಿಐ ಮೊದಲ ದಿನವೇ ಭದ್ರಮಾಡಿ; ಆಮೇಲೆ ಅನುಮಾನದ ಮಾತು ಆಡುವುದಕ್ಕಿಂತ ಇದು ಇಬ್ಬರಿಗೂ ಮರ್ಯಾದೆ. ತೋಳಿನ ಒಳಬದಿಯಲ್ಲಿ ಬೆರಳಿನಾಕಾರದ ಕಲೆ, ಒಬ್ಬ ವ್ಯಕ್ತಿ ಹತ್ತಿರ ಬಂದಾಗ ಮಾತ್ರ ಮುದುಡಿಕೊಳ್ಳುವುದು, ಹಗಲೆಲ್ಲ ಮಂಪರು ಇವು ಕಂಡರೆ ವಿವರಣೆಗೆ ಕಾಯಬೇಡಿ, ಅಂದೇ ಬದಲಿಸಿ, ವೈದ್ಯರಿಗೆ ತೋರಿಸಿ. ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567.

ತಮ್ಮನಿಗೂ ಒಂದು ಕೆಲಸ ಕೊಡಿ, ಬರೀ ಹಣ ಕಳಿಸುವುದಲ್ಲ. ಮೈಸೂರಿನಲ್ಲಿ ರಾತ್ರಿ ಎರಡು ಗಂಟೆಯಾದಾಗ ಟೊರಾಂಟೊದಲ್ಲಿ ಹಿಂದಿನ ಮಧ್ಯಾಹ್ನ ಮೂರೂವರೆಯೋ ನಾಲ್ಕೂವರೆಯೋ, ಚಳಿಗಾಲ ಬೇಸಿಗೆಗೆ ತಕ್ಕಂತೆ. ನಿದ್ದೆಗಣ್ಣಿನಲ್ಲಿರುವ ನಿಮಗಿಂತ ಎಚ್ಚರವಾಗಿರುವ ಅವನಿಗೇ ರಾತ್ರಿಯ ಫೋನ್ ಹೋಗಲಿ. ವೈದ್ಯರ ನಂಬರ್, ಮಾತ್ರೆಗಳ ಪಟ್ಟಿ, ಹತ್ತಿರದ ಆಸ್ಪತ್ರೆ, ಬೆಳಗಿನ ಎರಡನೇ ಕೈಯವರ ನಂಬರ್ ಅವನ ಬಳಿ ಇರಬೇಕು. ಕೇರ್‌ಟೇಕರ್‌ನ ಫೋನಿನಲ್ಲಿ ವಾಟ್ಸ್ಆ್ಯಪ್ ಕರೆ ಮಾಡುವಷ್ಟು ಡೇಟಾ ಇದೆಯೇ ಎಂದು ತಿಂಗಳ ಮೊದಲ ದಿನ ನೋಡಿ ರೀಚಾರ್ಜ್ ಮಾಡುವ ಹೊಣೆಯೂ ಅವನದೇ.